ಹಳೆಯ ಬಣ್ಣದ ಮೇಲೆ ಹೊಸ ಬಣ್ಣ



ಮನೆಗೆ ಬಣ್ಣ ಹೊಡೆಸುವ ಮಾತು ಎದ್ದಾಗ ನಾವೆಲ್ಲ ಗೋಡೆಯ ಬಗ್ಗೆ ಮಾತನಾಡುತ್ತೇವೆ. ಹಜಾರಕ್ಕೆ ಯಾವ ಬಣ್ಣ, ಕೋಣೆಗೆ ಯಾವುದು, ಎಷ್ಟು ಲೀಟರು ಬೇಕು ಎಂದು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕುತ್ತೇವೆ. ಬಾಗಿಲು, ಕಿಟಕಿ, ಕಂಬ, ಮೆಟ್ಟಿಲ ಕಟಕಟೆ, ಮುಚ್ಚಿಗೆಯ ಹಲಗೆ ಇವೆಲ್ಲ ಕೊನೆಗೆ ಉಳಿಯುತ್ತವೆ. ‘ಮರಕ್ಕೂ ಒಂದು ಕೈ ಬಳಿದುಬಿಡಿ ಮೇಸ್ತ್ರಿ’ ಎಂದು ಹೇಳಿದರೆ ಅಲ್ಲಿಗೆ ಮುಗಿಯಿತು. ಇವತ್ತು ನಾನು ಮಾತನಾಡುವುದು ಆ ಮರದ ವಿಷಯವನ್ನೇ. ಯಾಕೆಂದರೆ ನಮ್ಮ ಹಳೆಯ ಮನೆಗಳಲ್ಲಿ ಎಚ್ಚರ ಬೇಕಾಗಿರುವುದು ಗೋಡೆಗಿಂತ ಹೆಚ್ಚಾಗಿ ಮರದ ಹತ್ತಿರ.

ಕಾರಣ ಸರಳ. ನಮ್ಮಲ್ಲಿ ಗೋಡೆಗೆ ತಲೆಮಾರುಗಟ್ಟಲೆ ಬಳಿದದ್ದು ಸುಣ್ಣ. ಆಮೇಲೆ ಡಿಸ್ಟೆಂಪರು ಬಂತು. ಎಣ್ಣೆಬಣ್ಣ ದುಬಾರಿ, ಅದು ಹೋದದ್ದು ಮರಕ್ಕೆ ಮತ್ತು ಕಬ್ಬಿಣಕ್ಕೆ. ನಾವು ಎಚ್ಚರದಿಂದಿರಬೇಕಾದ ವಿಷ ಸೀಸ, ಅದು ಇದ್ದದ್ದು ಆ ಎಣ್ಣೆಬಣ್ಣದಲ್ಲಿ. ಬಿಳಿ ಬಣ್ಣಕ್ಕೆ ಸೀಸದ ಕಾರ್ಬೊನೇಟು, ಹಳದಿ ಮತ್ತು ಕಿತ್ತಳೆಗೆ ಸೀಸದ ಕ್ರೋಮೇಟು, ಕಬ್ಬಿಣದ ಸರಳಿಗೆ ಮೊದಲ ಕೋಟಾಗಿ ಕೆಂಪು ಸೀಸ, ಬಣ್ಣ ಬೇಗ ಒಣಗಲೆಂದು ಬೆರೆಸುತ್ತಿದ್ದ ಸೀಸದ ಲವಣ. ಹೀಗೆ ಒಂದಲ್ಲ ಒಂದು ರೂಪದಲ್ಲಿ ಅದು ಡಬ್ಬದೊಳಗೆ ಸೇರಿಕೊಂಡಿತ್ತು. ಅಗಸೆ ಎಣ್ಣೆಯ ಜೊತೆ ಬೆರೆತ ಬಿಳಿ ಸೀಸ ಮರಕ್ಕೆ ಬಿಗಿಯಾಗಿ ಅಂಟುತ್ತದೆ, ಮಳೆ ಬಿಸಿಲು ತಡೆಯುತ್ತದೆ, ಕೆಳಗಿನ ಕಲೆಯನ್ನು ಪೂರ್ತಿ ಮುಚ್ಚುತ್ತದೆ. ಹಳಬರು ಅದನ್ನು ಮೆಚ್ಚಿದ್ದಕ್ಕೆ ಕಾರಣವಿತ್ತು. ನಿಮ್ಮ ಅಜ್ಜನ ಕಾಲದ ಬಾಗಿಲಿನ ಬಣ್ಣ ಇವತ್ತಿಗೂ ಗಟ್ಟಿಯಾಗಿ ಕೂತಿದ್ದರೆ, ಆ ಗಟ್ಟಿತನದಲ್ಲಿ ಸೀಸದ ಪಾಲೂ ಇರಬಹುದು.

ಹಾಗಾದರೆ ಆ ಬಣ್ಣವನ್ನೆಲ್ಲ ಕೆರೆದು ತೆಗೆಸಬೇಕೇ? ಬೇಡ. ನನ್ನ ಮಾತಿನ ಸಾರವೇ ಇದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಅದನ್ನು ಸುಟ್ಟಾಗ, ಒಣಗಿದಂತೆಯೇ ಉಜ್ಜಿದಾಗ, ಕೆತ್ತಿ ನೆಲಕ್ಕೆ ಉದುರಿಸಿದಾಗ ತೊಂದರೆ ಶುರುವಾಗುತ್ತದೆ. ಅದನ್ನು ಇದ್ದಲ್ಲೇ ಇರಗೊಟ್ಟು, ತೊಳೆದು, ಹದಮಾಡಿ, ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ಒಳ್ಳೆಯ ಕೆಲಸ. ಅದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಪುಡಿಯಾದ ಬಣ್ಣ ವಿಷವಾಗುತ್ತದೆ ಎಂಬ ಸತ್ಯ ಲೋಕಕ್ಕೆ ತಿಳಿದದ್ದು ಒಂದು ಜಗಲಿಯಿಂದ ಎನ್ನಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಬ್ರಿಸ್ಬೇನ್ ಊರು ಬಿಸಿಲಿನದು. ಅಲ್ಲಿಯ ಮನೆಗಳು ಮರದವು, ಮನೆ ಸುತ್ತ ಅಗಲವಾದ ಜಗಲಿ, ಜಗಲಿಗೆ ಬಣ್ಣ ಬಳಿದ ಮರದ ಕಟಕಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯ ಮಕ್ಕಳ ಆಸ್ಪತ್ರೆಗೆ ಹೊಟ್ಟೆನೋವು, ಕೈಕಾಲಿನ ಬಲಹೀನತೆ, ಕಣ್ಣಿನ ತೊಂದರೆ ಇರುವ ಮಕ್ಕಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ವೈದ್ಯರು ಅದು ಸೀಸದ ವಿಷ ಎಂದು ಗುರುತಿಸಿದರು. ಆದರೆ ಸೀಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲಿ ಅದನ್ನು ಬರೆದು ತೋರಿಸಿದರು. ಬಿಸಿಲಿಗೆ ಪುಡಿಪುಡಿಯಾದ ಕಟಕಟೆಯ ಬಣ್ಣ ಮಕ್ಕಳ ಅಂಗೈಗೆ ಹತ್ತುತ್ತದೆ, ಬೆರಳು ಚೀಪುವ ಮಗು, ಉಗುರು ಕಚ್ಚುವ ಮಗು ಅದನ್ನು ದಿನದಿನವೂ ನುಂಗುತ್ತದೆ ಎಂದರು. ಬಣ್ಣದ ಕಂಪನಿಗಳು ಅದನ್ನು ಒಪ್ಪಲು ಬಹಳ ಕಾಲ ಬೇಕಾಯಿತು. ಕ್ವೀನ್ಸ್‌ಲ್ಯಾಂಡ್ ಮಾತ್ರ 1922ರಲ್ಲಿ, ಮಕ್ಕಳ ಕೈಗೆ ಎಟಕುವ ಜಾಗಗಳಿಗೆ ಸೀಸದ ಬಣ್ಣ ಬಳಿಯಬಾರದು ಎಂದು ಕಾನೂನು ಮಾಡಿತು.

ಅದಕ್ಕೆ ಒಂದು ವರ್ಷ ಮೊದಲು, 1921ರಲ್ಲಿ, ಜಿನೀವಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸದ ಬಣ್ಣ ಬಳಿಯುವುದನ್ನು ನಿಲ್ಲಿಸಬೇಕೆಂದು ಒಂದು ಒಪ್ಪಂದ ಮಾಡಿಕೊಂಡಿತ್ತು. ಅದನ್ನು ಮಾಡಿದ್ದು ಬಣ್ಣದ ಕೆಲಸಗಾರರ ಸಲುವಾಗಿ. ಸೀಸದ ಬಣ್ಣದ ಧೂಳನ್ನು ಮನೆಯವರು ಕೆಲವು ದಿನ ಉಸಿರಾಡಿದರೆ, ಬಣ್ಣ ಬಳಿಯುವವನು ಬದುಕಿಡೀ ಉಸಿರಾಡುತ್ತಾನೆ. ಅವನ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ದೇಶದಲ್ಲಿ ಈ ವಿಷಯ ದೊಡ್ಡದಾಗಿ ಎದ್ದದ್ದು ನಮ್ಮ ಬೆಂಗಳೂರಿನಲ್ಲೇ. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ತೊಂಬತ್ತರ ದಶಕದ ಕೊನೆಯಲ್ಲಿ ದೇಶದ ಹಲವು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಆಗಿನ ಮಿತಿಯನ್ನು ದಾಟಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷ ತಡೆಯುವುದನ್ನೇ ತಮ್ಮ ಬದುಕಿನ ಕೆಲಸವಾಗಿ ಮಾಡಿಕೊಂಡರು. ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಬಣ್ಣದಿಂದ ಹೋಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಕೇಂದ್ರ ಪರಿಸರ ಸಚಿವಾಲಯ 2016ರ ನವೆಂಬರ್ 1ರಂದು ನಿಯಮ ಹೊರಡಿಸಿತು, ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು, ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ ಮೀರಬಾರದು. ಅದಕ್ಕೆ ಮೊದಲು ಮಾರುಕಟ್ಟೆಯಲ್ಲಿದ್ದ ಕೆಲವು ಹಳದಿ ಎನಾಮಲ್‌ಗಳಲ್ಲಿ ಕಿಲೋಗೆ ಹತ್ತಾರು ಗ್ರಾಂ ಸೀಸ ಇರುತ್ತಿತ್ತು. ಕಾನೂನು ತಡೆದದ್ದು ಹೊಸ ಡಬ್ಬವನ್ನು. ಆಗಲೇ ಬಾಗಿಲಿಗೆ ಬಳಿದದ್ದು ಬಾಗಿಲಲ್ಲೇ ಇದೆ.

ಹಳದಿ ಎಂದ ಕೂಡಲೇ ನನ್ನ ಮನಸ್ಸು ಹೋಗುವುದು ನಮ್ಮ ಹೊಸ್ತಿಲ ಕಡೆಗೆ. ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚಿ ಕುಂಕುಮ ಇಡುವುದು ನಮ್ಮ ಮನೆಗಳ ನಿತ್ಯದ ಕೆಲಸ. ದಿನವೂ ಹಚ್ಚಲು ಬಿಡುವಿಲ್ಲದ ಕಾಲದಲ್ಲಿ ಅನೇಕರು ಹೊಸ್ತಿಲಿಗೆ ಹಳದಿ ಎನಾಮಲ್ ಬಳಿಸಿ, ಅದರ ಮೇಲೆ ಕೆಂಪಿನಲ್ಲಿ ರಂಗೋಲಿ ಎಳೆ ಬರೆಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ಆ ಹಳದಿ ಸೀಸದ ಕ್ರೋಮೇಟು ಆಗಿದ್ದರೆ, ಮನೆಯಲ್ಲಿ ಅತಿ ಹೆಚ್ಚು ಕಾಲು ಬೀಳುವ ಜಾಗದಲ್ಲಿ, ಅಂಬೆಗಾಲಿಡುವ ಮಗು ದಾಟಲು ಕೈಯೂರುವ ಜಾಗದಲ್ಲಿ, ನಾವು ಸೀಸವನ್ನು ಬಳಿದಂತಾಯಿತು. ಮಗು ಹೊಸ್ತಿಲು ದಾಟುವ ದಿನ ನಾವು ಹಬ್ಬ ಮಾಡುತ್ತೇವೆ. ಆ ಹೊಸ್ತಿಲ ಬಣ್ಣ ಸವೆದು ಕೆಳಗಿನ ಪದರ ಕಾಣುತ್ತಿದ್ದರೆ, ಇಡೀ ಮನೆಯಲ್ಲಿ ಮೊದಲು ಕೈಹಾಕಬೇಕಾದ ಕೆಲಸ ಅದು. ಒದ್ದೆ ಮಾಡಿ ಉಜ್ಜಿ, ಒರೆಸಿ, ಹೊಸ ಬಣ್ಣದ ಎರಡು ಕೋಟು ಕೊಡಿ. ಮೇಲೆ ಎಂದಿನಂತೆ ಅರಿಶಿನ ಹಚ್ಚಿ.

ಮಕ್ಕಳ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೊಡ್ಡವರು ಸೀಸ ನುಂಗಿದರೆ ಕರುಳು ಅದರಲ್ಲಿ ಸ್ವಲ್ಪವನ್ನಷ್ಟೇ ಹೀರುತ್ತದೆ. ಎಳೆಯ ಮಕ್ಕಳ ಕರುಳು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಊಟದಲ್ಲಿ ಕಬ್ಬಿಣದ ಅಂಶ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಒಳಗೆ ಹೋದ ಸೀಸ ಎಲುಬಿನಲ್ಲಿ ಸೇರಿ ದಶಕಗಟ್ಟಲೆ ಉಳಿಯುತ್ತದೆ. ಹುಡುಗಿಯಾಗಿದ್ದಾಗ ಸೇರಿದ್ದು, ಅವಳು ಬಸುರಿಯಾದಾಗ ಎಲುಬಿನಿಂದ ಕರಗಿ ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಎಷ್ಟೋ ಸಲ ಲಕ್ಷಣವೂ ಸ್ಪಷ್ಟವಾಗಿ ಹೊರಗೆ ಕಾಣುವುದಿಲ್ಲ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಒಂದು ಕಡೆ ಗಮನ ನಿಲ್ಲುವುದಿಲ್ಲ, ರಕ್ತ ಕಡಿಮೆ ಎಂದು ವೈದ್ಯರು ಹೇಳುತ್ತಾರೆ. ಬಾಗಿಲ ಬಣ್ಣದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ರಕ್ತ ಪರೀಕ್ಷೆಯೊಂದೇ ಅದನ್ನು ಹೇಳಬಲ್ಲದು.

ಈಗ ಕೆಲಸದ ವಿಷಯ. ನಿಮ್ಮ ಮನೆ ಹಳೆಯದು, ಮರದ ಮೇಲಿನ ಬಣ್ಣ 2017ಕ್ಕಿಂತ ಹಿಂದಿನದು ಎಂದಾದರೆ, ಅದರಲ್ಲಿ ಸೀಸವಿದೆ ಎಂದೇ ಎಣಿಸಿ ನಡೆದುಕೊಳ್ಳಿ. ಚೂರು ಬಣ್ಣವನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಬಹುದು. ಅದಾಗದಿದ್ದರೆ ಎಚ್ಚರವನ್ನೇ ನೆಚ್ಚಿಕೊಳ್ಳುವುದು ಮೇಲು.

ಮೊದಲು ಮರದ ಮೇಲೆ ಏನಿದೆ ಎಂದು ತಿಳಿಯಬೇಕು. ಕಾಣದ ಮೂಲೆಯೊಂದನ್ನು ಆರಿಸಿ, ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ ನೋಡಿ. ಮೆರುಗು ಮೆತ್ತಗಾಗಿ ಬಟ್ಟೆಗೆ ಕಂದು ಅಂಟಿದರೆ ಅದು ಅರಗಿನ ಪಾಲಿಶ್. ಬಣ್ಣವೇ ಕರಗಿ ಬಂದರೆ ನೀರಿನ ಬಣ್ಣ. ಏನೂ ಬಾರದಿದ್ದರೆ ಎಣ್ಣೆಬಣ್ಣ. ನಮ್ಮ ಹಳೆಯ ಮನೆಗಳಲ್ಲಿ ಎಷ್ಟೋ ಸಲ ಮೂರೂ ಒಂದರ ಮೇಲೊಂದು ಇರುತ್ತವೆ. ಅರಗಿನ ಪಾಲಿಶ್ ಮಾಡಿದ್ದ ಬೀಟೆಯ ಕಂಬಕ್ಕೆ ಯಾರೋ ಒಮ್ಮೆ ಹಸಿರು ಎನಾಮಲ್ ಬಳಿದಿರುತ್ತಾರೆ. ಕರಾವಳಿಯ ಮನೆಗಳಲ್ಲಿ ಇನ್ನೊಂದಿದೆ, ಗೇರೆಣ್ಣೆ. ಗೆದ್ದಲು ಹಿಡಿಯದಿರಲೆಂದು ಜಂತಿಗೆ, ಪಕಾಸಿಗೆ ಹಚ್ಚುತ್ತಿದ್ದದ್ದು. ಅದು ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಅದರ ಮೇಲೆ ನೇರವಾಗಿ ಬಣ್ಣ ಬಳಿದರೆ ಕಪ್ಪು ಮೇಲಕ್ಕೆ ಬರುತ್ತದೆ. ಗೇರೆಣ್ಣೆ ಹಚ್ಚಿದ ಜಂತಿಯನ್ನು ಹಾಗೆಯೇ ಬಿಡುವುದು ಒಳ್ಳೆಯದು, ಆ ಕಪ್ಪೇ ಅದಕ್ಕೆ ಚೆಂದ. ಬಳಿಯಲೇಬೇಕೆಂದರೆ ಮೇಲೆ ಅರಗಿನ ಒಂದು ಕೋಟು ಕೊಟ್ಟು ಒಳಗಿನದನ್ನು ಒಳಗೇ ಕಟ್ಟಿಹಾಕಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಕಲೆಯನ್ನು ತಡೆಯುವುದರಲ್ಲಿ ಬಹಳ ಗಟ್ಟಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿದ್ದು ಈ ಅರಗನ್ನು ನೆಚ್ಚಿಕೊಂಡು. ಇವತ್ತು ಚುನಾವಣೆಯ ಶಾಯಿಯಿಂದ ಹೆಸರಾಗಿರುವುದು ಅದೇ ಕಾರ್ಖಾನೆ.

ಎರಡನೆಯದು, ಬಣ್ಣ ಗಟ್ಟಿಯಾಗಿದೆಯೇ ಎಂಬುದು. ಚೂಪಾದ ಬ್ಲೇಡಿನಿಂದ ಬಣ್ಣದ ಮೇಲೆ ಮರಕ್ಕೆ ತಾಗುವಂತೆ ಒಂದು ಕತ್ತರಿ ಗುರುತು ಎಳೆಯಿರಿ. ಅದರ ಮೇಲೆ ಗಟ್ಟಿ ಅಂಟುಪಟ್ಟಿಯನ್ನು ಒತ್ತಿ, ಬೆರಳಿನಿಂದ ಚೆನ್ನಾಗಿ ಉಜ್ಜಿ, ಸರ್ರನೆ ಎಳೆಯಿರಿ. ಬಣ್ಣ ಮರದಲ್ಲೇ ಉಳಿದರೆ ಅದು ಹೊಸ ಬಣ್ಣವನ್ನು ಹೊರಬಲ್ಲದು. ಹಲ್ಲೆಹಲ್ಲೆಯಾಗಿ ಕಿತ್ತು ಬಂದರೆ ಹೊಸ ಬಣ್ಣವೂ ಅದರ ಜೊತೆಯಲ್ಲೇ ಕಿತ್ತು ಬರುತ್ತದೆ, ಎಷ್ಟು ಬೆಲೆಯ ಬಣ್ಣ ತಂದರೂ ಅಷ್ಟೆ. ಬಾಗಿಲು, ಕಿಟಕಿ, ಕಂಬ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿ. ಬಿಸಿಲು ಬೀಳುವ ಕಿಟಕಿಯ ಗತಿಯೇ ಬೇರೆ, ಒಳಕೋಣೆಯ ಬಾಗಿಲಿನದೇ ಬೇರೆ.

ಇಲ್ಲಿ ಮೇಸ್ತ್ರಿ ಒಂದು ಮಾತು ಹೇಳುತ್ತಾರೆ. ‘ಅಮ್ಮಾ, ಹಳೇದೆಲ್ಲ ಬ್ಲೋ ಲ್ಯಾಂಪಲ್ಲಿ ಸುಟ್ಟು ತೆಗೆದುಬಿಡ್ತೀವಿ, ಮರ ಹೊಸದಾಗಿ ಬಂದಂಗೆ ಆಗುತ್ತೆ.’ ಇಲ್ಲವೇ, ‘ಮಶೀನ್ ಹಾಕಿ ಉಜ್ಜಿದ್ರೆ ಅರ್ಧ ದಿನದ ಕೆಲಸ.’ ಅವರು ಕಲಿತದ್ದು ಹಾಗೆ, ಅವರ ಮೇಲೆ ಸಿಟ್ಟಾಗಬೇಡಿ. ಆದರೆ ಎರಡಕ್ಕೂ ಬೇಡ ಎನ್ನಿ. ಬೆಂಕಿ ಸೀಸವನ್ನು ಹೊಗೆಯಾಗಿ ಮಾಡುತ್ತದೆ, ಅದು ನೇರವಾಗಿ ಎದೆಗೆ ಇಳಿಯುತ್ತದೆ. ಮಶೀನು ಅದನ್ನು ಕಣ್ಣಿಗೆ ಕಾಣದಷ್ಟು ನಯವಾದ ಹುಡಿಯಾಗಿ ಮಾಡಿ ಇಡೀ ಮನೆಗೆ ಹರಡುತ್ತದೆ. ಅದು ಹಾಸಿಗೆಯೊಳಗೆ, ಅಕ್ಕಿಯ ಡಬ್ಬದ ಮುಚ್ಚಳದ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಕೂರುತ್ತದೆ. ಮೂಗಿಗೆ ಕಟ್ಟಿದ ಟವೆಲು ಈ ಹುಡಿಯನ್ನು ತಡೆಯುವುದಿಲ್ಲ.

ನೀರೇ ನಮ್ಮ ಉಪಾಯ. ಮೊದಲು ಕೋಣೆಯ ಸಾಮಾನನ್ನೆಲ್ಲ ಆಚೆ ಸಾಗಿಸಿ. ಸಾಗಿಸಲಾಗದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಅಂಚಿಗೆ ಅಂಟುಪಟ್ಟಿ ಹಾಕಿ. ಕೆಲಸ ಮಾಡುವ ಬಾಗಿಲ ಕೆಳಗೂ ಪ್ಲಾಸ್ಟಿಕ್ ಹಾಸಿ. ಫ್ಯಾನು ಬೇಡ. ಮಕ್ಕಳು, ಬಸುರಿ ಹೆಂಗಸರು ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ, ಆಗದಿದ್ದರೆ ಆ ಕೋಣೆಯ ಕಡೆ ಸುಳಿಯದಿರಲಿ. ಆಮೇಲೆ ಮರವನ್ನು ತೊಳೆಯಬೇಕು. ಅಡುಗೆಮನೆಯ ಬಾಗಿಲ ಮೇಲೆ ಇಲ್ಲಣ ಮತ್ತು ಒಗ್ಗರಣೆಯ ಜಿಡ್ಡು, ದೇವರ ಮನೆಯ ಬಾಗಿಲವಾಡದಲ್ಲಿ ದೀಪದ ಎಣ್ಣೆ, ಚಿಲಕದ ಸುತ್ತ ಕೈಯ ಜಿಡ್ಡು. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಕೈಗೆ ಗ್ಲೌಸು ಹಾಕಿಕೊಂಡು, ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಮೇಲಿನಿಂದ ಶುರುಮಾಡಿದರೆ ಇಳಿದ ಕೊಳೆನೀರು ಒಣ ಬಣ್ಣದ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಆಮೇಲೆ ಬರಿಯ ನೀರಿನಲ್ಲಿ ಒರೆಸಿ ಒಣಗಲು ಬಿಡಿ. ಬಣ್ಣ ಗಟ್ಟಿಯಾಗಿರುವ ಬಾಗಿಲಿಗೆ ಅರ್ಧ ಕೆಲಸ ಇಷ್ಟರಲ್ಲೇ ಮುಗಿಯಿತು.

ಉಳಿದರ್ಧ ಮೆರುಗು ಮುರಿಯುವುದು. ಹಳೆಯ ಎನಾಮಲ್ ಕನ್ನಡಿಯಂತೆ ನುಣುಪಾಗಿರುತ್ತದೆ, ಹೊಸ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಇದಕ್ಕೆ ಒಣ ಉಪ್ಪುಕಾಗದ ಬೇಡ, ನೀರಿನಲ್ಲಿ ನೆನೆಸಿ ಉಜ್ಜುವ ವಾಟರ್ ಪೇಪರ್ ಬೇಕು. 220 ಅಥವಾ 320 ನಂಬರಿನದು ಸಾಕು. ಬಕೆಟ್ಟಿನಲ್ಲಿ ಅದ್ದಿ, ಮರ ಸದಾ ಒದ್ದೆಯಿರುವಂತೆ ನೋಡಿಕೊಂಡು, ಮೆಲ್ಲಗೆ ಉಜ್ಜಬೇಕು. ಮರ ಕಾಣುವವರೆಗೆ ಹೋಗಬೇಕಾಗಿಲ್ಲ. ಮಿರುಗು ಹೋಗಿ ಮಂಕಾದರೆ ನಿಲ್ಲಿಸಿ. ಬರುವ ಬಣ್ಣದ ಕೆಸರನ್ನು ಒಣಗಗೊಡದೆ ಒದ್ದೆ ಬಟ್ಟೆಯಿಂದ ಒರೆಸುತ್ತಾ ಹೋಗಿ. ಬಣ್ಣ ಎದ್ದಿರುವ ಕಡೆಗಳಿಗೆ ನೀರು ಚಿಮುಕಿಸಿ, ಸ್ಕ್ರೇಪರಿನಿಂದ ತಾನಾಗಿ ಬಿಡುವಷ್ಟನ್ನೇ ತೆಗೆದು, ಅಂಚನ್ನು ಒದ್ದೆಯಾಗಿಯೇ ಇಳಿಜಾರು ಮಾಡಿ. ಮರ ಕಂಡ ಜಾಗಕ್ಕೆ ಮಾತ್ರ ವುಡ್ ಪ್ರೈಮರ್. ಗುಳಿ ಬಿದ್ದ ಕಡೆ ಮರದ ಪುಟ್ಟಿ ತುಂಬಿ. ಗೋಡೆಗೆ ಹಾಕುವ ಸಿಮೆಂಟಿನ ಪುಟ್ಟಿಯನ್ನು ಮರಕ್ಕೆ ಹಾಕುವವರನ್ನು ನಾನು ಕಂಡಿದ್ದೇನೆ. ಮರ ಹಿಗ್ಗಿ ಕುಗ್ಗುವುದರ ಜೊತೆ ಅದು ಹೊಂದದೆ ಬಿರಿದು ಉದುರುತ್ತದೆ.

ಕೆಲಸ ಮುಗಿದ ಮೇಲೆ ಪೊರಕೆ ಮುಟ್ಟಬೇಡಿ. ಗುಡಿಸಿದರೆ ಹುಡಿ ಏಳುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ನಯವಾದ ಹುಡಿಯನ್ನು ಹಿಂದಿನಿಂದ ಗಾಳಿಗೆ ಬಿಡುತ್ತದೆ. ಹಾಸಿದ ಪ್ಲಾಸ್ಟಿಕ್ಕನ್ನು ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ನೆಲವನ್ನು ಸೋಪುನೀರಿನಲ್ಲಿ ಒಮ್ಮೆ, ಬರಿಯ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಕಿಟಕಿಯ ಕಟ್ಟೆ ಮರೆಯಬೇಡಿ. ಒರೆಸಿದ ಬಟ್ಟೆಯನ್ನು ಪಾತ್ರೆ ಬಟ್ಟೆಯ ಜೊತೆ ಸೇರಿಸದೆ ಎಸೆದುಬಿಡಿ. ಕೊಳೆನೀರು ತುಳಸಿಕಟ್ಟೆಗೂ ಬೇಡ, ಸೊಪ್ಪಿನ ಮಡಿಗೂ ಬೇಡ, ಬಾವಿಯ ಹತ್ತಿರವಂತೂ ಬೇಡವೇ ಬೇಡ.

ಇನ್ನು ಬಳಿಯುವುದು. ಎನಾಮಲ್ ಮೇಲೆ ಎನಾಮಲ್ಲೇ ಬಳಿಯುವುದಾದರೆ ತೊಳೆದು ಮಂಕು ಮಾಡಿದ ಮೇಲ್ಮೈಗೆ ನೇರವಾಗಿ ಹಚ್ಚಬಹುದು. ಈಗ ಬರುವ ನೀರಿನ ಎನಾಮಲ್‌ಗೆ ವಾಸನೆ ಕಡಿಮೆ, ಮಕ್ಕಳಿರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೂ ಹಳೆಯ ಎಣ್ಣೆಬಣ್ಣಕ್ಕೂ ನಡುವೆ, ಎರಡಕ್ಕೂ ಅಂಟುವ ಪ್ರೈಮರ್ ಒಂದು ಕೋಟು ಬೇಕೇಬೇಕು. ಅದನ್ನು ಬಿಟ್ಟವರ ಬಾಗಿಲಿನಿಂದ ಬಣ್ಣ ಉಗುರಿಗೇ ಸಿಪ್ಪೆಯಾಗಿ ಏಳುತ್ತದೆ. ಎಣ್ಣೆಯ ಎನಾಮಲ್ಲಿಗೆ ಟರ್ಪೆಂಟೈನ್ ಮಾತ್ರ ಬೆರೆಸಿ. ಎನ್‌.ಸಿ. ಥಿನ್ನರ್ ಹಾಕುವ ಬಣ್ಣವನ್ನು ಹಳೆಯ ಎನಾಮಲ್ ಮೇಲೆ ಹೊಡೆದರೆ ಕೆಳಗಿನ ಪದರ ನೆನೆದು ಸುಕ್ಕುಗಟ್ಟಿ ಏಳುತ್ತದೆ. ಆಗ ಪೂರ್ತಿ ತೆಗೆಯದೆ ವಿಧಿಯಿಲ್ಲ, ನಾವು ತಪ್ಪಿಸಬೇಕೆಂದ ಕೆಲಸವೇ ತಲೆಗೆ ಬರುತ್ತದೆ. ಡಬ್ಬದ ಮೇಲೆ ಸೀಸ 90 ಪಿ.ಪಿ.ಎಂ. ಮೀರಿಲ್ಲ ಎಂದು ಬರೆದಿರಬೇಕು, ಓದಿ ಕೊಳ್ಳಿ. ಲಾರಿಗೆ, ಯಂತ್ರಕ್ಕೆ ಬಳಸಿ ಮಿಕ್ಕಿದ ಬಣ್ಣ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರಬೇಡಿ, ಮನೆ ಬಣ್ಣದ ನಿಯಮ ಅದಕ್ಕೆ ತಾಗುವುದಿಲ್ಲ. ತೆಳುವಾಗಿ ಎರಡು ಕೋಟು, ನಡುವೆ ಒಂದು ರಾತ್ರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಹರವಿ, ಅಥವಾ ನೀರಿನಲ್ಲಿ ಅದ್ದಿಡಿ.

ಕಾಲದ ಮಾತೂ ಮುಖ್ಯ. ಗೌರಿ ಹಬ್ಬದ ಮುಂಚೆ ಬಣ್ಣ ಆಗಬೇಕೆಂದು ಶ್ರಾವಣದಲ್ಲಿ ಶುರುಮಾಡುವವರೇ ಹೆಚ್ಚು. ಮಲೆನಾಡು, ಕರಾವಳಿಯಲ್ಲಿ ಆಗ ಮರ ನೀರು ಕುಡಿದು ಉಬ್ಬಿರುತ್ತದೆ, ಎನಾಮಲ್ ದಿನಗಟ್ಟಲೆ ಒಣಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ತನಕ ಈ ಕೆಲಸಕ್ಕೆ ಒಳ್ಳೆಯ ಹೊತ್ತು.

ಮಳೆಗಾಲದ ಇನ್ನೊಂದು ಸಂಗತಿ. ಬಾಗಿಲು ಉಬ್ಬಿ ಕೂರದಾದಾಗ ಬಡಗಿಯನ್ನು ಕರೆಸಿ ಕೀಸುಳಿಯಲ್ಲಿ ಅಂಚು ಕೀಸಿಸುತ್ತೇವೆ. ಹಳೆಯ ಬಣ್ಣದ ಪದರವೆಲ್ಲ ಹುಡಿಯಾಗಿ ಕೋಣೆಯೊಳಗೆ ಬೀಳುತ್ತದೆ. ಬಾಗಿಲನ್ನು ಕಳಚಿ ಅಂಗಳಕ್ಕೆ ಒಯ್ದು, ಹಾಳೆ ಹಾಸಿ, ಅಲ್ಲಿ ಕೀಸಿಸಿ. ಗಟ್ಟಿ ಬಣ್ಣವನ್ನು ಮುಟ್ಟಬೇಡಿ ಎಂದ ನನ್ನ ಮಾತಿಗೆ ಹೊರತಾದ ಜಾಗ ಇದೊಂದೇ. ಬಾಗಿಲಿನ ಅಂಚು, ಅದು ತಾಗುವ ಬಾಗಿಲವಾಡದ ಒಳಮೈ, ಕಿಟಕಿಯ ಕದ ಉಜ್ಜುವ ಚೌಕಟ್ಟು. ಅಲ್ಲಿ ಮೇಲೆ ಎಷ್ಟು ಬಳಿದರೂ ದಿನವೂ ತೆರೆದು ಮುಚ್ಚುವಾಗ ಸವೆದು ಹುಡಿ ಉದುರುತ್ತಲೇ ಇರುತ್ತದೆ. ಆ ಅಂಚುಗಳಿಂದ ಮಾತ್ರ ಹಳೆಯ ಬಣ್ಣವನ್ನು ಪೂರ್ತಿ ತೆಗೆಯುವುದು ಸರಿ. ಬಣ್ಣ ತೆಗೆಯುವ ರಾಸಾಯನಿಕ ಬಳಸುವುದಾದರೆ ಬಯಲಿನಲ್ಲಿ ಬಳಸಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್ ಮುಚ್ಚಿದ ಕೋಣೆಯಲ್ಲಿ ಜನರ ಜೀವ ತೆಗೆದಿದೆ. ಕಾಸ್ಟಿಕ್ ಸೋಡಾ ತೇಗದ ಬಣ್ಣವನ್ನೇ ಕಪ್ಪಾಗಿಸುತ್ತದೆ.

ಬಹಳ ಜನ ಯೋಚಿಸದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಹಳೆಯ ಮನೆ ಕೆಡವಿದಾಗ ಬಣ್ಣದ ಬಾಗಿಲು, ಮುರಿದ ಕಿಟಕಿ ಚೌಕಟ್ಟು ಎಲ್ಲ ಹೋಗುವುದು ಬಚ್ಚಲ ಒಲೆಗೆ. ಒಣಗಿದ ಮರ, ಚೆನ್ನಾಗಿ ಉರಿಯುತ್ತದೆ, ಹಂಡೆ ನೀರು ಬೇಗ ಕಾಯುತ್ತದೆ. ಮರ ಉರಿದು ಹೋಗುತ್ತದೆ, ಸೀಸ ಉರಿಯುವುದಿಲ್ಲ. ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಮಿಕ್ಕದ್ದು ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಲ್ಲಿ ನಾವು ಪಾತ್ರೆ ಬೆಳಗುತ್ತೇವೆ, ಹಿತ್ತಲಿನ ಬದನೆ ಗಿಡಕ್ಕೆ ಎರಚುತ್ತೇವೆ, ಹಳ್ಳಿಯಲ್ಲಿ ಹಲ್ಲುಜ್ಜುವವರೂ ಇದ್ದಾರೆ. ಬಣ್ಣ ಬಳಿದ ಮರವನ್ನು ಒಲೆಗೆ ಹಾಕಬೇಡಿ. ಅಡುಗೆ ಒಲೆಗಂತೂ ಎಂದಿಗೂ ಬೇಡ.

ಅಟ್ಟದ ಮೇಲಿನ ತೊಟ್ಟಿಲನ್ನೂ ಹಾಗೆಯೇ ನೋಡಬೇಕು. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರದ ತೊಟ್ಟಿಲುಗಳನ್ನು ಅಲ್ಲಿಯ ಕಲಾವಿದರು ಹಿಂದಿನಿಂದಲೂ ನೈಸರ್ಗಿಕ ಬಣ್ಣ ಮತ್ತು ಅರಗಿನಲ್ಲಿ ಮಾಡುತ್ತ ಬಂದವರು. ಅಂಥದು ಮನೆಯಲ್ಲಿದ್ದರೆ ಅದರ ಮೇಲೆ ಎನಾಮಲ್ ಬಳಿದು ಹಾಳುಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಡುವೆ ಯಾರೋ ಎಣ್ಣೆಬಣ್ಣ ಬಳಿದ ಹಳೆಯ ತೊಟ್ಟಿಲಾದರೆ, ಹಲ್ಲು ಹುಟ್ಟುವ ಮಗು ಅದರ ಅಂಚನ್ನೇ ಕಚ್ಚುತ್ತದೆ. ಅಂಥದರಲ್ಲಿ ಮಗುವನ್ನು ಮಲಗಿಸಬೇಡಿ.

ಕೊನೆಗೆ ಬಣ್ಣ ಬಳಿಯುವವರ ಮಾತು. ಮನೆಯವರಿಗೆ ನಾನು ಹೇಳಿದ ಎಚ್ಚರವೆಲ್ಲ ಕೆಲವು ದಿನದ್ದು. ಅವರದು ವರ್ಷವಿಡೀ ಇದೇ ಧೂಳು, ಒಂದು ಮನೆ ಮುಗಿದರೆ ಇನ್ನೊಂದು ಮನೆ. ಅವರು ಅದೇ ಅಂಗಿಯಲ್ಲಿ ಮನೆಗೆ ಹೋಗಿ ತಮ್ಮ ಮಗುವನ್ನು ಎತ್ತಿಕೊಳ್ಳುತ್ತಾರೆ. ಒದ್ದೆ ಮಾಡಿ ಉಜ್ಜಲು ಒಣ ಉಜ್ಜಾಟಕ್ಕಿಂತ ಹೆಚ್ಚು ಹೊತ್ತು ಬೇಕು, ಗುತ್ತಿಗೆಯ ದುಡ್ಡಿನಲ್ಲಿ ಅವರು ಆ ಹೊತ್ತನ್ನು ಎಲ್ಲಿಂದ ತರಬೇಕು? ಆದ್ದರಿಂದ ಮಾತುಕತೆಯ ದಿನವೇ ಹೇಳಿ: ಬೆಂಕಿ ಬೇಡ, ಮಶೀನು ಬೇಡ, ನೀರು ಹಾಕಿ ಉಜ್ಜಿ, ಹೆಚ್ಚಿಗೆ ಹಿಡಿಯುವ ದಿನದ ಕೂಲಿ ನಾವು ಕೊಡುತ್ತೇವೆ. ಬಣ್ಣದ ಡಬ್ಬದ ಜೊತೆ ಅಂಗಡಿಯಿಂದ ಎನ್-95 ಮಾಸ್ಕುಗಳನ್ನೂ ತನ್ನಿ. ಊಟಕ್ಕೆ ಕೂರುವ ಮೊದಲು ಅವರಿಗೆ ಸೋಪು, ನೀರು, ಒಂದು ಒಳ್ಳೆಯ ಟವೆಲು ಕೊಡಿ. ಊಟ ಕೆಲಸದ ಕೋಣೆಯಲ್ಲಿ ಬೇಡ, ಜಗಲಿಯಲ್ಲಿ ಬಡಿಸಿ. ಸಂಜೆ ಬಟ್ಟೆ ಬದಲಿಸಿ ಹೋಗಲು ಒಂದು ಮೂಲೆ ಮಾಡಿಕೊಡಿ. ಇಷ್ಟು ಮಾಡುವುದು ಮನೆ ಯಜಮಾನರ ಕೈಯಲ್ಲಿದೆ, ದಯವಿಟ್ಟು ಮಾಡಿ.